ಕಟ್ಟಳೆಯ ಮರ್ಮವನ್ನು ಅರಸಿದ ಎಮಿಲ್ ಡರ್ಖೀಮ್

ಸಮಾಜಶಾಸ್ತ್ರದ ಮೊದಲ ಪಾಠಗಳನ್ನು ಓದುವ ವಿದ್ಯಾರ್ಥಿಗೆ ಮೂರು ಮಾತುಗಳು ಬಹು ಬೇಗ ಬಾಯಿಪಾಠವಾಗುತ್ತವೆ: ಸಂಸ್ಕೃತಿ, ಸಾಮಾಜೀಕರಣ, ವಿಚಲನೆ. ಜನ ಒಟ್ಟುಗೂಡಿ ಬಾಳುತ್ತ ಬೆಳೆಸಿಕೊಂಡ ನಂಬಿಕೆ ನಡವಳಿಕೆಗಳ ಮೊತ್ತ ಸಂಸ್ಕೃತಿ. ಅದನ್ನು ಎಳೆಯರ ಮೈಮನಗಳಿಗೆ ಇಳಿಸುವ ಕ್ರಮ ಸಾಮಾಜೀಕರಣ. ಅದರ ಕಟ್ಟಳೆಯನ್ನು ಮೀರುವ ನಡತೆ ವಿಚಲನೆ. ಇಷ್ಟನ್ನು ಬರೆದರೆ ಪರೀಕ್ಷೆಯಲ್ಲಿ ಅಂಕಗಳು ದೊರೆಯುತ್ತವೆ. ಆದರೆ ಈ ಮಾತುಗಳಿಗೆ ಶಾಸ್ತ್ರದ ತೂಕ ತಂದುಕೊಟ್ಟವರಲ್ಲಿ ಅಗ್ರಗಣ್ಯನಾದ ಎಮಿಲ್ ಡರ್ಖೀಮನು ಈ ಮೂರನ್ನೂ ಗ್ರಂಥಗಳಲ್ಲಿ ಚರ್ಚಿಸಿದ್ದು ಮಾತ್ರವಲ್ಲ, ತನ್ನ ಬಾಳಿನಲ್ಲಿ ಅನುಭವಿಸಿಯೂ ಇದ್ದ. ಆತನ ಗ್ರಂಥಗಳನ್ನು ಆತನ ಬದುಕಿನ ಪಕ್ಕದಲ್ಲಿಟ್ಟು ಓದಿದಾಗಲೇ ಅವುಗಳ ಅರ್ಥ ನನಗೆ ಪೂರ್ಣವಾಗಿ ತೆರೆದುಕೊಂಡಿತು. ಆ ಬದುಕನ್ನು ಇಲ್ಲಿ ಸಂಗ್ರಹವಾಗಿ ಹೇಳಹೊರಟಿದ್ದೇನೆ.

ಡರ್ಖೀಮನು ಹುಟ್ಟಿದ್ದು 1858ರ ಏಪ್ರಿಲ್ 15ರಂದು, ಫ್ರಾನ್ಸಿನ ಪೂರ್ವಭಾಗದ ಲೊರೇನ್ ಪ್ರಾಂತಕ್ಕೆ ಸೇರಿದ ಎಪಿನಾಲ್ ಎಂಬ ಊರಿನಲ್ಲಿ. ತಂದೆ ಮೊಯಿಸ್ ಯೆಹೂದ್ಯರ ಧರ್ಮಗುರು, ಅಂದರೆ ರಬ್ಬಿ. ತಾತ ರಬ್ಬಿ, ಮುತ್ತಾತನೂ ರಬ್ಬಿ. ಮನೆಯಲ್ಲಿ ಸಿರಿತನವಿರಲಿಲ್ಲ. ತಾಯಿ ಕಸೂತಿಯ ಕೆಲಸಶಾಲೆಯೊಂದನ್ನು ನಡೆಸಿ ಸಂಸಾರಕ್ಕೆ ನೆರವಾಗುತ್ತಿದ್ದಳು. ಧರ್ಮದ ಕಟ್ಟಳೆ, ದುಡಿಮೆ, ಓದು ಇವು ಆ ಮನೆಯ ಉಸಿರಾಗಿದ್ದವು. ವಿನೋದ ವಿಲಾಸಗಳಿಗೆ ಅಲ್ಲಿ ಎಡೆಯಿರಲಿಲ್ಲ. ಕಿರಿಯ ಮಗನಾದ ಎಮಿಲ್ ವಂಶದ ಪೀಠವನ್ನೇರಬೇಕೆಂಬುದು ಹಿರಿಯರ ಆಸೆ. ಅದಕ್ಕಾಗಿ ಆತ ಹೀಬ್ರೂ ಕಲಿತ, ಧರ್ಮಗ್ರಂಥಗಳನ್ನು ಓದಿದ. ಆದರೆ ಶಾಲೆಯ ಹುಡುಗನಾಗಿದ್ದಾಗಲೇ ತಾನು ರಬ್ಬಿಯಾಗುವುದಿಲ್ಲವೆಂದು ನಿಶ್ಚಯಿಸಿದ. ಮುಂದೆ ಧಾರ್ಮಿಕ ನಂಬಿಕೆಯನ್ನೂ ಬಿಟ್ಟ.

ಇದನ್ನು ಆತನ ಬಾಳಿನ ಮೊದಲ ವಿಚಲನೆ ಎನ್ನಬಹುದು. ಆದರೆ ತುಸು ನಿಂತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಫ್ರಾನ್ಸಿನ ಯೆಹೂದ್ಯರಿಗೆ 1791ರಲ್ಲಿ ಪೌರತ್ವ ದೊರೆತಿತ್ತು. ಸರಕಾರದ ಶಾಲೆಗಳ ಬಾಗಿಲು ಅವರ ಮಕ್ಕಳಿಗೆ ತೆರೆದಿತ್ತು. ತಂದೆಯ ಮನೆ ಒಂದು ದಾರಿಯನ್ನು ತೋರಿಸಿದರೆ, ಫ್ರೆಂಚ್ ಶಾಲೆ ಇನ್ನೊಂದನ್ನು ತೋರಿಸಿತು. ಹುಡುಗ ಒಂದರ ಕಟ್ಟಳೆಯನ್ನು ಮೀರಿದ್ದು ಇನ್ನೊಂದರ ಕರೆಯನ್ನು ಪಾಲಿಸುವುದಕ್ಕಾಗಿ. ನಾವು ದಾರಿ ತಪ್ಪಿದವನೆಂದು ಕರೆಯುವ ವ್ಯಕ್ತಿ ಎಷ್ಟೋ ವೇಳೆ ಬೇರೊಂದು ದಾರಿಯನ್ನು ನಿಷ್ಠೆಯಿಂದ ತುಳಿಯುತ್ತಿರುತ್ತಾನೆ. ತಂದೆಯ ಪೀಠವನ್ನು ಬಿಟ್ಟರೂ ಆ ಮನೆಯ ಗಾಂಭೀರ್ಯ, ಕರ್ತವ್ಯನಿಷ್ಠೆ, ದುಡಿಯದೆ ಕಳೆದ ಹೊತ್ತಿನ ಬಗೆಗಿನ ಅಳುಕು ಇವೆಲ್ಲ ಕೊನೆಯ ತನಕ ಆತನ ಜೊತೆಗೇ ಉಳಿದವು. ಎಳೆತನದಲ್ಲಿ ಮನೆ ಮೂಡಿಸಿದ ಅಚ್ಚು ನಂಬಿಕೆ ಹೋದ ಮೇಲೂ ಅಳಿಯಲಿಲ್ಲ.

ಆತನಿಗೆ ಹನ್ನೆರಡು ವರ್ಷವಾಗಿದ್ದಾಗ, 1870ರಲ್ಲಿ, ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ನಡೆಯಿತು. ಫ್ರಾನ್ಸ್ ಸೋತಿತು. ಎಪಿನಾಲಿಗೆ ಪ್ರಷ್ಯದ ಪಡೆಗಳು ಬಂದಿಳಿದವು. ಆಲ್ಸೇಸ್ ಪ್ರಾಂತವೂ ಲೊರೇನಿನ ಒಂದು ಭಾಗವೂ ಕೈತಪ್ಪಿದವು. ಸೋಲಿನ ಆ ದಿನಗಳಲ್ಲಿ ಜನ ತಮ್ಮ ಸಂಕಟಕ್ಕೆ ಕಾರಣವನ್ನು ಹುಡುಕುತ್ತ ಯೆಹೂದ್ಯರತ್ತ ಬೆರಳು ತೋರಿಸಿದ್ದನ್ನು ಹುಡುಗ ಹತ್ತಿರದಿಂದ ಕಂಡ. ದಂಡನಾಯಕರ ಅಸಾಮರ್ಥ್ಯದಿಂದ ಬಂದ ಸೋಲಿಗೆ ನೆರೆಮನೆಯ ನಿರಪರಾಧಿಗಳು ಹೊಣೆಗಾರರಾದರು. ಮೂವತ್ತು ವರ್ಷಗಳ ಬಳಿಕ ಆತ ಈ ನೆನಪನ್ನು ಎತ್ತಿ ಹೇಳಬೇಕಾಗಿ ಬಂತು. ಆ ಮಾತು ಮುಂದೆ ಬರುತ್ತದೆ.

ಉನ್ನತ ವ್ಯಾಸಂಗಕ್ಕಾಗಿ ಆತ ಪ್ಯಾರಿಸಿಗೆ ಹೋದ. ಅಧ್ಯಾಪಕರನ್ನು ತಯಾರಿಸುವ ಹೆಸರಾಂತ ಸಂಸ್ಥೆಯಾದ ಎಕೋಲ್ ನಾರ್ಮಾಲಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ತೇರ್ಗಡೆಯಾಗಲಿಲ್ಲ. 1879ರಲ್ಲಿ ಮೂರನೆಯ ಯತ್ನ ಫಲಿಸಿತು. ಮುಂದೆ ಸಮಾಜವಾದಿ ನಾಯಕನಾದ ಜಾನ್ ಝೋರೆಸ್, ದಾರ್ಶನಿಕನಾದ ಆನ್ರಿ ಬರ್ಗ್‌ಸನ್ ಅಲ್ಲಿ ಆತನಿಗೆ ಸಮಕಾಲೀನರು. ವಿಕ್ಟರ್ ಓಮೆ ಎಂಬವನು ಆಪ್ತಮಿತ್ರ. ಪ್ರಾಚೀನ ನಗರಗಳ ಧರ್ಮ ಮತ್ತು ಸಮಾಜಸಂಸ್ಥೆಗಳನ್ನು ಕುರಿತು ಬರೆದ ಇತಿಹಾಸಕಾರ ಫ್ಯುಸ್ತೆಲ್ ದ ಕುಲಾಂಝ್ ಗುರು. ಬಹು ಗಂಭೀರ ಸ್ವಭಾವದ ಈ ವಿದ್ಯಾರ್ಥಿಯನ್ನು ಸಹಪಾಠಿಗಳು ತತ್ತ್ವಮೀಮಾಂಸಕನೆಂದು ಹಾಸ್ಯ ಮಾಡುತ್ತಿದ್ದರಂತೆ. 1882ರಲ್ಲಿ ಕಾಯಿಲೆಯಿಂದ ಬಳಲಿ ಅಂತಿಮ ಪರೀಕ್ಷೆಯಲ್ಲಿ ಕೆಳಗಿನ ಸ್ಥಾನದಲ್ಲಿ ಉತ್ತೀರ್ಣನಾದ.

ಆ ಕಾಲದ ಫ್ರಾನ್ಸಿನ ದೊಡ್ಡ ಪ್ರಶ್ನೆಯೇ ಆತನ ಜೀವನದ ಪ್ರಶ್ನೆಯಾಯಿತು. ಸೋಲಿನ ಬೂದಿಯಿಂದ ಎದ್ದ ಹೊಸ ಗಣರಾಜ್ಯ 1881 ಮತ್ತು 1882ರ ಶಾಸನಗಳ ಮೂಲಕ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮತನಿರಪೇಕ್ಷವೂ ಆಗಿ ಮಾಡಿತು. ಚರ್ಚಿನ ಪಾಠ ಶಾಲೆಯಿಂದ ಹೊರಬಿದ್ದಿತು. ಹಾಗಾದರೆ ಮಗುವಿಗೆ ನೀತಿಯನ್ನು ಯಾವ ಆಧಾರದ ಮೇಲೆ ಕಲಿಸಬೇಕು? ದೇವರ ಆಜ್ಞೆಯೆಂದು ಹೇಳಲಾಗದಿದ್ದರೆ, ಸುಳ್ಳಾಡಬಾರದು, ಕದಿಯಬಾರದು ಎಂಬ ಕಟ್ಟಳೆಗೆ ಬಲವೆಲ್ಲಿಂದ ಬರುತ್ತದೆ? ರಬ್ಬಿಯ ಮಗನಾಗಿ ಹುಟ್ಟಿ, ನಂಬಿಕೆಯನ್ನು ಬಿಟ್ಟು, ಕಟ್ಟಳೆಯ ಗೌರವವನ್ನು ಮಾತ್ರ ಉಳಿಸಿಕೊಂಡಿದ್ದವನಿಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಆ ಬಲ ಸಮಾಜದಿಂದ ಬರುತ್ತದೆಯೆಂಬುದು ಆತ ಕಂಡುಕೊಂಡ ಉತ್ತರ. ನಾವು ಹುಟ್ಟುವ ಮುಂಚೆಯೇ ಇದ್ದು, ನಾವು ಸತ್ತ ಮೇಲೂ ಇರುವ, ಹೊರಗಿನಿಂದ ನಮ್ಮನ್ನು ಒತ್ತಾಯಪಡಿಸುವ, ಆದರೂ ನಮ್ಮ ಒಳಗೇ ನೆಲೆಸಿರುವ ಶಕ್ತಿ ಅದು. ಭಾಷೆ, ನಾಣ್ಯ, ಮದುವೆಯ ರೀತಿ, ಕಾಯಿದೆ ಎಲ್ಲವೂ ಆ ಜಾತಿಯವೇ. ಇವುಗಳನ್ನು ಆತ ಸಾಮಾಜಿಕ ಸಂಗತಿಗಳೆಂದು ಕರೆದು, ನಿಸರ್ಗದ ವಸ್ತುಗಳನ್ನು ಪರೀಕ್ಷಿಸುವಂತೆಯೇ ಇವನ್ನೂ ಪರೀಕ್ಷಿಸಬೇಕೆಂದು ವಾದಿಸಿದ.

ಕೆಲವು ವರ್ಷ ಸಾನ್ಸ್, ಸೇಂ ಕಾಂತಾನ್, ತ್ರುವಾ ಮುಂತಾದ ಊರುಗಳ ಪ್ರೌಢಶಾಲೆಗಳಲ್ಲಿ ತತ್ತ್ವಶಾಸ್ತ್ರವನ್ನು ಕಲಿಸಿ, ನಡುವೆ ಜರ್ಮನಿಗೆ ಹೋಗಿ ಅಲ್ಲಿನ ವಿದ್ವತ್ತಿನ ಪರಿಚಯ ಮಾಡಿಕೊಂಡು ಬಂದ ಮೇಲೆ, 1887ರಲ್ಲಿ ಆತನಿಗೆ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಕೆಲಸ ದೊರೆಯಿತು. ಸಮಾಜವಿಜ್ಞಾನವನ್ನೂ ಶಿಕ್ಷಣಶಾಸ್ತ್ರವನ್ನೂ ಬೋಧಿಸುವುದು ಅಲ್ಲಿನ ಕರ್ತವ್ಯ. ಅದೇ ವರ್ಷ ಲೂಯಿಸ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮರಿ, ಆಂದ್ರೆ ಎಂಬ ಇಬ್ಬರು ಮಕ್ಕಳು. ಹಸ್ತಪ್ರತಿಗಳ ನಕಲು, ಕರಡು ತಿದ್ದುವಿಕೆ, ಪತ್ರವ್ಯವಹಾರ ಇವುಗಳಲ್ಲೆಲ್ಲ ಹೆಂಡತಿಯ ನೆರವಿತ್ತು. ಗಂಡನ ಹೆಸರು ಗ್ರಂಥಗಳ ಮೇಲೆ ಉಳಿಯಿತು. ಆಕೆಯ ದುಡಿಮೆ ಅವುಗಳ ಒಳಗೆ ಸೇರಿಹೋಯಿತು.

ಬೋರ್ಡೋದಲ್ಲಿದ್ದ ಹದಿನೈದು ವರ್ಷಗಳಲ್ಲಿ ಆತನ ಮೂರು ಮುಖ್ಯ ಗ್ರಂಥಗಳು ಹೊರಬಂದವು. 1893ರಲ್ಲಿ ಬಂದ ಶ್ರಮವಿಭಜನೆಯ ಗ್ರಂಥದಲ್ಲಿ ಆತ ಅಪರಾಧವನ್ನು ಕುರಿತ ನಮ್ಮ ರೂಢಿಯ ಎಣಿಕೆಯನ್ನು ತಲೆಕೆಳಗು ಮಾಡಿದ. ಒಂದು ಕೃತ್ಯ ಸ್ವಭಾವತಃ ಅಪರಾಧವಾದುದರಿಂದ ಸಮಾಜ ಅದನ್ನು ಖಂಡಿಸುತ್ತದೆಂದು ನಾವು ಭಾವಿಸುತ್ತೇವೆ. ಆತ ಹೇಳಿದ್ದು ಬೇರೆ: ಸಮಾಜದ ಸಾಮೂಹಿಕ ಪ್ರಜ್ಞೆಗೆ ಪೆಟ್ಟು ಬಿದ್ದು, ಅದು ಖಂಡಿಸುವುದರಿಂದಲೇ ಆ ಕೃತ್ಯ ಅಪರಾಧವೆನಿಸಿಕೊಳ್ಳುತ್ತದೆ. ಶಿಕ್ಷೆ ಮುಖ್ಯವಾಗಿ ತಪ್ಪಿತಸ್ಥನಿಗಾಗಿ ಇರುವುದಲ್ಲ. ಕಟ್ಟಳೆ ಇನ್ನೂ ಜೀವಂತವಾಗಿದೆಯೆಂದು ಉಳಿದವರಿಗೆ ಮನವರಿಕೆ ಮಾಡಿಕೊಡುವುದಕ್ಕಾಗಿ ಇರುವುದು.

1895ರಲ್ಲಿ ಪ್ರಕಟವಾದ ಸಮಾಜಶಾಸ್ತ್ರೀಯ ವಿಧಾನದ ಗ್ರಂಥದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಅಪರಾಧವು ಯಾವ ಸಮಾಜಕ್ಕಾದರೂ ಸಹಜವೆಂದು ಸಾರಿದ. ಸಂತರೇ ತುಂಬಿದ ಮಠವೊಂದನ್ನು ಊಹಿಸಿಕೊಂಡರೂ, ಅಲ್ಲಿ ಕೊಲೆ ಕಳವುಗಳು ಇಲ್ಲದಿದ್ದರೇನಂತೆ, ಹೊರಗಿನವರಿಗೆ ಲೆಕ್ಕಕ್ಕೇ ಬಾರದ ಸಣ್ಣ ಲೋಪಗಳು ಘೋರ ಪಾತಕಗಳಾಗಿ ಕಾಣತೊಡಗುತ್ತವೆ. ಎಲ್ಲಿ ಕಟ್ಟಳೆಯುಂಟೋ ಅಲ್ಲಿ ಅದರ ಉಲ್ಲಂಘನೆಯೂ ಉಂಟು. ಅಷ್ಟೇ ಅಲ್ಲ, ಕಟ್ಟಳೆಯನ್ನು ಯಾರೂ ಎಂದೂ ಮೀರಲಾಗದಷ್ಟು ಬಿಗಿಯಾದ ಸಮಾಜ ಮುಂದುವರಿಯಲಾರದು. ಅಥೆನ್ಸಿನ ಕಾಯಿದೆಯ ಕಣ್ಣಿನಲ್ಲಿ ಸಾಕ್ರೆಟೀಸ್ ಅಪರಾಧಿ. ಆತನಿಗೆ ವಿಧಿಸಿದ ಶಿಕ್ಷೆ ಆ ಕಾಯಿದೆಗೆ ಅನುಸಾರವಾದುದು. ಆದರೆ ಸ್ವತಂತ್ರವಾಗಿ ಆಲೋಚಿಸಿದ ಆ ಅಪರಾಧವೇ ಅಥೆನ್ಸಿಗೆ ಬೇಕಾಗಿದ್ದ ಹೊಸ ನೀತಿಗೆ ಹಾದಿ ಮಾಡಿತು. ಹಾಗೆಂದು ಎಲ್ಲ ಅಪರಾಧಿಗಳೂ ಸಾಕ್ರೆಟೀಸರೆಂದು ಆತ ಹೇಳಲಿಲ್ಲ. ಅಪರಾಧವನ್ನು ಹೊಗಳಲೂ ಇಲ್ಲ. ಸಾಕ್ರೆಟೀಸ್ ಹುಟ್ಟಬಹುದಾದ ಸಡಿಲವಿರುವ ಕಡೆ ಕಳ್ಳನೂ ಹುಟ್ಟುತ್ತಾನೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಪೂರ್ತಿಯಾಗಿ ತಡೆಯಲಾಗದೆಂಬುದು ಆತನ ಅಭಿಪ್ರಾಯ.

ಈ ಮಾತಿಗೆ ಬಹಳ ವಿರೋಧ ಬಂತು. ಅಪರಾಧಶಾಸ್ತ್ರದಲ್ಲಿ ಪ್ರಸಿದ್ಧನಾದ ಗಾಬ್ರಿಯೆಲ್ ತಾರ್ದ್ ಇದನ್ನು ಬಲವಾಗಿ ಖಂಡಿಸಿದ. ಆದರೂ ಆ ಕಾಲದ ವಿದ್ವಜ್ಜೀವನದ ಘನತೆಯನ್ನು ನೋಡಿ. ನ್ಯಾಯಾಂಗ ಇಲಾಖೆಯ ಅಂಕಿಅಂಶಗಳ ಮುಖ್ಯಸ್ಥನಾಗಿದ್ದ ಅದೇ ತಾರ್ದ್, ಡರ್ಖೀಮನ ಮುಂದಿನ ಗ್ರಂಥಕ್ಕೆ ಬೇಕಾದ ಕಡತಗಳನ್ನು ತೆರೆದುಕೊಟ್ಟ. ಡರ್ಖೀಮನ ಸೋದರಳಿಯ ಮಾರ್ಸೆಲ್ ಮೋಸ್ ಸುಮಾರು 26,000 ಪ್ರಕರಣಗಳನ್ನು ವಯಸ್ಸು, ಲಿಂಗ, ವಿವಾಹಸ್ಥಿತಿಗಳ ಪ್ರಕಾರ ವಿಂಗಡಿಸಿದ. ಹೀಗೆ ಸಿದ್ಧವಾದುದೇ 1897ರ ಆತ್ಮಹತ್ಯೆ ಎಂಬ ಗ್ರಂಥ. ಗೆಳೆಯ ಓಮೆ 1886ರಲ್ಲಿ ಅಕಾಲಮರಣಕ್ಕೆ ತುತ್ತಾಗಿದ್ದ. ಆ ಸಾವಿನ ನೋವು ಈ ಗ್ರಂಥದ ಹಿಂದೆ ಇತ್ತೆಂದು ಜೀವನಚರಿತ್ರಕಾರರು ಭಾವಿಸುತ್ತಾರೆ. ಆದರೆ ಗ್ರಂಥದಲ್ಲಿ ಕಣ್ಣೀರಿಲ್ಲ, ಕೋಷ್ಟಕಗಳಿವೆ. ಅತ್ಯಂತ ಖಾಸಗಿಯೆಂದು ತೋರುವ ಕೃತ್ಯದ ಪ್ರಮಾಣ ಕೂಡ ಒಂದು ಸಮಾಜದಲ್ಲಿ ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಸಂಸಾರ, ಮತ, ಊರು ಇವುಗಳೊಡನೆ ಮನುಷ್ಯನಿಗಿರುವ ನಂಟು ಸಡಿಲವಾದಷ್ಟೂ ಅದು ಏರುತ್ತದೆ. ದುಡ್ಡಿನ ಮುಗ್ಗಟ್ಟಿನಲ್ಲಷ್ಟೇ ಅಲ್ಲ, ಏಕಾಏಕಿ ಸಿರಿ ಬಂದಾಗಲೂ ಏರುತ್ತದೆ. ಏಕೆಂದರೆ ಎರಡು ವೇಳೆಯಲ್ಲೂ ಆಸೆಗೆ ಮಿತಿ ಹಾಕುತ್ತಿದ್ದ ಹಳೆಯ ಅಳತೆಗೋಲು ಮುರಿದಿರುತ್ತದೆ. ಈ ಸ್ಥಿತಿಯನ್ನು ನಿಯಮರಾಹಿತ್ಯವೆಂದು ಕರೆಯುತ್ತೇವೆ. ಕಟ್ಟಳೆ ನಮ್ಮನ್ನು ಕಟ್ಟಿಹಾಕುತ್ತದೆಂದು ಗೊಣಗುವವರಿಗೆ, ಅದೇ ನಮ್ಮನ್ನು ಹಿಡಿದು ನಿಲ್ಲಿಸಿಯೂ ಇದೆಯೆಂದು ಆತ ಅಂಕಿಗಳ ಮೂಲಕ ತೋರಿಸಿದ.

ಅಷ್ಟರಲ್ಲಿ ಫ್ರಾನ್ಸನ್ನು ಡ್ರೈಫಸ್ ಪ್ರಕರಣ ಅಲುಗಾಡಿಸಿತು. ಆಲ್ಸೇಸಿನ ಯೆಹೂದ್ಯ ಮನೆತನದ ಸೇನಾಧಿಕಾರಿ ಆಲ್‌ಫ್ರೆಡ್ ಡ್ರೈಫಸನು ಜರ್ಮನಿಗೆ ಗುಟ್ಟುಗಳನ್ನು ಮಾರಿದನೆಂದು 1894ರಲ್ಲಿ ಸೇನಾ ನ್ಯಾಯಾಲಯ ತೀರ್ಪು ಕೊಟ್ಟಿತು. ಮುಂದಿನ ಜನವರಿಯಲ್ಲಿ ಸಾರ್ವಜನಿಕವಾಗಿ ಆತನ ಪದವಿಚಿಹ್ನೆಗಳನ್ನು ಕಿತ್ತು, ಕತ್ತಿಯನ್ನು ಮುರಿದು, ದೂರದ ದ್ವೀಪಕ್ಕೆ ಅಟ್ಟಿದರು. ನಿಜವಾದ ಅಪರಾಧಿ ಬೇರೊಬ್ಬನೆಂದು ಸುಳಿವು ಸಿಕ್ಕಿದ ಮೇಲೂ ಸೇನೆಯ ಮಾನ ಉಳಿಸಬೇಕೆಂಬ ಹಟ ಬಿಡಲಿಲ್ಲ. 1898ರ ಜನವರಿಯಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಬಹಿರಂಗ ಪತ್ರ ಬರೆದು ಈ ಅನ್ಯಾಯವನ್ನು ಬಯಲಿಗೆಳೆದ. ವಿಮರ್ಶಕ ಬ್ರುನೆತಿಯೆರ್, ಸೇನೆಯನ್ನೂ ಸಮಾಜದ ಕಟ್ಟನ್ನೂ ಪ್ರಶ್ನಿಸುವ ಬುದ್ಧಿಜೀವಿಗಳು ವ್ಯಕ್ತಿಯ ಅಹಂಕಾರವನ್ನು ಬೆಳೆಸಿ ರಾಷ್ಟ್ರವನ್ನು ಒಡೆಯುತ್ತಿದ್ದಾರೆಂದು ಜರೆದ.

ಸಮಾಜವೇ ನೀತಿಯ ಮೂಲವೆಂದು ಸಾರಿದ್ದವನು ಯಾವ ಪಕ್ಷ ವಹಿಸಬೇಕು? ತರ್ಕವನ್ನು ಮೇಲುಮೇಲೆ ಹಿಡಿದರೆ, ಬಹುಜನದ ಕೋಪವೇ ಸಾಮೂಹಿಕ ಪ್ರಜ್ಞೆ, ಅದು ಖಂಡಿಸಿದವನೇ ಅಪರಾಧಿ ಎಂದು ಸುಮ್ಮನಿರಬಹುದಿತ್ತು. ಡರ್ಖೀಮನು ಸುಮ್ಮನಿರಲಿಲ್ಲ. ಬೋರ್ಡೋದಲ್ಲಿ ಮಾನವ ಹಕ್ಕುಗಳ ಸಂಘದ ಕಾರ್ಯಕ್ಕೆ ಕೈಹಾಕಿದ. ಬ್ರುನೆತಿಯೆರನಿಗೆ ಉತ್ತರವಾಗಿ ಒಂದು ಲೇಖನ ಬರೆದ. ಅದರ ಸಾರವಿಷ್ಟು: ವ್ಯಕ್ತಿಗೌರವವೆಂದರೆ ಸ್ವಾರ್ಥವಲ್ಲ. ಕಸುಬು, ಮತ, ಅಭಿರುಚಿಗಳೆಲ್ಲ ಬೇರೆ ಬೇರೆಯಾಗಿ ಹೋದ ಹೊಸ ಕಾಲದ ಸಮಾಜದಲ್ಲಿ ಎಲ್ಲರಿಗೂ ಸಮಾನವಾಗಿ ಪವಿತ್ರವೆಂದು ಉಳಿದಿರುವುದು ಮನುಷ್ಯತ್ವವೊಂದೇ. ಒಬ್ಬ ನಿರಪರಾಧಿಯ ಹಕ್ಕನ್ನು ತುಳಿದು ಸಮಾಜವನ್ನು ಉಳಿಸಹೊರಟವರು, ಅದನ್ನು ಒಟ್ಟಿಗೆ ಹಿಡಿದಿರುವ ಏಕೈಕ ದಾರವನ್ನೇ ಕಡಿಯುತ್ತಿದ್ದಾರೆ.

ಮರುವರ್ಷ, 1899ರಲ್ಲಿ, ಯೆಹೂದ್ಯದ್ವೇಷವನ್ನು ಕುರಿತ ವಿಚಾರಣೆಯೊಂದಕ್ಕೆ ಉತ್ತರ ಕೊಡುವಾಗ ತನ್ನ ಬಾಲ್ಯದ 1870ರ ನೆನಪನ್ನು ತೆಗೆದ. ಸಮಾಜ ಸಂಕಟಪಡುವಾಗ ತನ್ನ ಕೇಡಿಗೆ ಹೊಣೆಯಾಗಬಲ್ಲ ಒಬ್ಬನನ್ನು ಹುಡುಕುತ್ತದೆ. ಮೊದಲೇ ಜನರ ತಾತ್ಸಾರಕ್ಕೆ ಗುರಿಯಾದವರು ಆ ಬಲಿಪೀಠಕ್ಕೆ ಸುಲಭವಾಗಿ ಸಿಕ್ಕುತ್ತಾರೆ. ಡ್ರೈಫಸನಿಗೆ ಶಿಕ್ಷೆಯಾದಾಗ ದುಃಖಪಡಬೇಕಾದ ಜನ ಬೀದಿಗಳಲ್ಲಿ ಹರ್ಷಪಟ್ಟದ್ದನ್ನು ಆತ ಗಮನಿಸಿದ್ದ. ತಮ್ಮ ನೋವಿಗೆ ಯಾರು ಕಾರಣರೆಂದು ಕೊನೆಗೂ ತಿಳಿಯಿತೆಂಬ ನೆಮ್ಮದಿ ಅದು. ನನ್ನ ದೃಷ್ಟಿಯಲ್ಲಿ ಡರ್ಖೀಮನ ವಿಚಾರ ತನ್ನ ಪೂರ್ಣಾಕೃತಿಯನ್ನು ಪಡೆದದ್ದು ಇಲ್ಲಿ. ಕಟ್ಟಳೆಯನ್ನು ಮೀರಿದವನು ವಿಚಲಿತನೆನಿಸಿಕೊಳ್ಳುವುದು ಸರಿಯೆ. ಆದರೆ ಯಾವ ಕಟ್ಟಳೆಯನ್ನೂ ಮೀರದವನ ಮೇಲೂ ಸಮಾಜ ಆ ಮುದ್ರೆಯನ್ನು ಒತ್ತಬಲ್ಲದು. 1906ರಲ್ಲಿ ಡ್ರೈಫಸ್ ನಿರ್ದೋಷಿಯೆಂದು ಘೋಷಿತನಾದ.

ಅಷ್ಟು ಹೊತ್ತಿಗೆ ಡರ್ಖೀಮನು ಪ್ಯಾರಿಸಿನ ಸೊರ್ಬಾನಿನಲ್ಲಿದ್ದ. 1902ರಲ್ಲಿ ಅಲ್ಲಿಗೆ ಹೋದದ್ದು ಶಿಕ್ಷಣಶಾಸ್ತ್ರದ ಅಧ್ಯಾಪಕನಾಗಿ. ಆತನ ಪೀಠದ ಹೆಸರಿನಲ್ಲಿ ಸಮಾಜಶಾಸ್ತ್ರವೆಂಬ ಪದ ಸೇರಿದ್ದು 1913ರಲ್ಲಿ. ಆತನ ಉಪನ್ಯಾಸಗಳನ್ನು ನಮ್ಮ ಉಪಾಧ್ಯಾಯರು ಓದಬೇಕೆಂದು ನನ್ನ ಆಸೆ. ಶಿಕ್ಷಣವೆಂದರೆ ಎಳೆಯ ತಲೆಮಾರನ್ನು ಕ್ರಮಬದ್ಧವಾಗಿ ಸಮಾಜಕ್ಕೆ ಸೇರಿಸಿಕೊಳ್ಳುವುದೆಂದು ಆತನ ನಿರೂಪಣೆ. ಹುಟ್ಟಿದ ಶಿಶು ತನ್ನ ಹಸಿವು ನಿದ್ರೆಗಳನ್ನು ಮಾತ್ರ ಬಲ್ಲದು. ಅದರ ಮೇಲೆ ಪರರನ್ನು ಅರಿಯುವ ಎರಡನೆಯ ಜೀವವನ್ನು ಕಟ್ಟುವುದು ಹಿರಿಯರ ಕೆಲಸ. ಶಿಸ್ತಿನ ಪಕ್ಷಪಾತಿಯಾದ ಇವನು ಬೆತ್ತದ ಪಕ್ಷಪಾತಿಯೆಂದು ಯಾರಾದರೂ ಎಣಿಸಿಯಾರು. ಆದರೆ ಮಕ್ಕಳನ್ನು ಹೊಡೆಯುವುದನ್ನು ಆತ ಖಂಡತುಂಡವಾಗಿ ವಿರೋಧಿಸಿದ. ಶಿಕ್ಷೆಯ ಉದ್ದೇಶ ನೋವಲ್ಲ, ತಪ್ಪಾಯಿತೆಂಬ ಅಸಮ್ಮತಿಯ ಸ್ಪಷ್ಟ ಗುರುತು. ಮಗುವಿನಲ್ಲಿ ಮಾನವಘನತೆಯ ಅರಿವನ್ನು ಬೆಳೆಸಬೇಕಾದ ಶಾಲೆಯೇ ಪೆಟ್ಟು ಕೊಟ್ಟರೆ ಆ ಘನತೆಗೇ ಭಂಗ. ಅಕ್ಷರವಿಲ್ಲದ ಎಷ್ಟೋ ಬುಡಕಟ್ಟುಗಳು ಮಕ್ಕಳನ್ನು ಹೊಡೆಯುವುದೇ ಅಪರೂಪ; ಬೆತ್ತ ಬಲವಾದದ್ದು ಶಾಲೆಗಳು ಬೆಳೆದ ಮೇಲೆಯೇ ಎಂದು ಆತ ತೋರಿಸಿದ.

1912ರಲ್ಲಿ ಬಂದದ್ದು ಆತನ ಕೊನೆಯ ಮಹಾಗ್ರಂಥ, ಧಾರ್ಮಿಕ ಜೀವನದ ಮೂಲರೂಪಗಳನ್ನು ಕುರಿತದ್ದು. ಮಧ್ಯ ಆಸ್ಟ್ರೇಲಿಯದ ಅರುಂಟ ಮೊದಲಾದ ಜನರ ಕುಲಲಾಂಛನಗಳ ಆರಾಧನೆಯನ್ನು ಅಭ್ಯಾಸಮಾಡಿ, ಜನ ಒಟ್ಟುಗೂಡಿದಾಗ ಉಕ್ಕುವ ಭಾವವೇ ಒಂದು ಕಲ್ಲಿಗೂ ಮರದ ತುಂಡಿಗೂ ಪವಿತ್ರತೆಯನ್ನು ತುಂಬುತ್ತದೆಂದು ವಾದಿಸಿದ. ಯೋಧನು ಬಟ್ಟೆಯ ತುಂಡೊಂದಕ್ಕಾಗಿ ಪ್ರಾಣ ಬಿಡುವುದಿಲ್ಲ. ಅದು ಧ್ವಜವಾದುದರಿಂದ ಬಿಡುತ್ತಾನೆ. ಆತ ಆಸ್ಟ್ರೇಲಿಯಕ್ಕೆ ಎಂದೂ ಹೋದವನಲ್ಲ. ಇತರರ ವರದಿಗಳನ್ನು ನಂಬಿ ಬರೆದ. ಆ ಜನರನ್ನು ಮಾನವಕುಲದ ಆರಂಭಾವಸ್ಥೆಯೆಂದು ಬಗೆದದ್ದನ್ನು ಈ ಕಾಲದ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಸಂಸ್ಕೃತಿಯ ಸಂಕೇತಗಳಿಗೆ ಬಲ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಆತನಷ್ಟು ಆಳವಾಗಿ ಕೇಳಿದವರು ವಿರಳ.

ಎರಡೇ ವರ್ಷಗಳಲ್ಲಿ ಮಹಾಯುದ್ಧ ಬಂತು. ಅದರ ಹೊಸ್ತಿಲಲ್ಲೇ ಗೆಳೆಯ ಝೋರೆಸನ ಕೊಲೆಯಾಯಿತು. 1898ರಿಂದ ಡರ್ಖೀಮನು ನಡೆಸಿಕೊಂಡು ಬಂದಿದ್ದ ಸಮಾಜಶಾಸ್ತ್ರದ ವಾರ್ಷಿಕ ಪತ್ರಿಕೆಯ ಸುತ್ತ ಕೂಡಿದ್ದ ತರುಣರು ರಣರಂಗಕ್ಕೆ ಹೋದರು. ಪ್ರತಿಭಾಶಾಲಿ ರಾಬರ್ಟ್ ಹರ್ಟ್ಸ್ 1915ರಲ್ಲಿ ಮಡಿದ. ಅದೇ ವರ್ಷದ ಕೊನೆಗೆ ಬಾಲ್ಕನ್ ರಂಗದಲ್ಲಿ ಮಗ ಆಂದ್ರೆ ಮಡಿದ. ಭಾಷಾಶಾಸ್ತ್ರದಲ್ಲಿ ಭರವಸೆ ಮೂಡಿಸಿದ್ದ ಆ ಹುಡುಗ ಮಗನೂ ಹೌದು, ಶಿಷ್ಯನೂ ಹೌದು. ಕಾಣೆಯಾಗಿದ್ದಾನೆಂಬ ಸುದ್ದಿ ಮೊದಲು ಬಂತು. ಸಾವು ಖಚಿತವಾಗಲು ತಿಂಗಳುಗಳೇ ಹಿಡಿದವು. ಆ ತಿಂಗಳುಗಳ ನಡುವೆ, 1916ರ ಮಾರ್ಚಿನಲ್ಲಿ, ಫ್ರಾನ್ಸಿನ ಸೆನೆಟ್ ಸಭೆಯಲ್ಲಿ ಸದಸ್ಯನೊಬ್ಬ ಎದ್ದು, ಡರ್ಖೀಮನು ಪರದೇಶದ ಮೂಲದವನು, ಜರ್ಮನಿಯ ಯುದ್ಧ ಇಲಾಖೆಯ ಪರವಾಗಿ ಸೊರ್ಬಾನಿನಲ್ಲಿ ಕುಳಿತವನು ಎಂದು ಆಪಾದಿಸಿದ. ದೇಶಕ್ಕಾಗಿ ಕಿರುಹೊತ್ತಗೆಗಳನ್ನು ಬರೆಯುತ್ತಿದ್ದವನಿಗೆ, ಮಗನನ್ನು ಗಡಿಗೆ ಕಳಿಸಿದವನಿಗೆ ಬಂದ ಬಿರುದು ಇದು! ಸರಕಾರದ ಕಡೆಯಿಂದ ಪ್ರತಿಭಟನೆ ಬಂತು. ಆಪಾದನೆಯನ್ನು ಹಿಂತೆಗೆದುಕೊಂಡದ್ದೂ ಆಯಿತು. ಆದರೆ 1870ರಲ್ಲಿ ಎಪಿನಾಲಿನಲ್ಲಿ ಕಂಡ ಬೆರಳು ಈಗ ತನ್ನತ್ತಲೇ ತಿರುಗಿದ್ದನ್ನು ಆತ ಕಂಡಾಯಿತು.

ಮಗನ ವಿಷಯವನ್ನು ಆತ ಯಾರೊಡನೆಯೂ ಆಡಲು ಒಲ್ಲದೆ ಕೆಲಸದಲ್ಲಿ ಮುಳುಗಿದ. ಆ ವರ್ಷದ ಕೊನೆಗೆ ಪಾರ್ಶ್ವವಾಯು ಬಡಿಯಿತು. ತುಸು ಚೇತರಿಸಿಕೊಂಡಾಗ ಕೈಗೆತ್ತಿಕೊಂಡದ್ದು ನೀತಿಯನ್ನು ಕುರಿತ ಗ್ರಂಥವನ್ನು. ಪೀಠಿಕೆಯನ್ನು ದಾಟಿ ಅದು ಬೆಳೆಯಲಿಲ್ಲ. 1917ರ ನವೆಂಬರ್ 15ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಪ್ಯಾರಿಸಿನ ಮೊಂಪಾರ್ನಾಸ್ ರುದ್ರಭೂಮಿಯಲ್ಲಿ ಆತನ ಸಮಾಧಿಯಿದೆ.

ಆತನ ವಿಚಾರ ಕನ್ನಡನಾಡಿಗೂ ಒಂದು ದಾರಿಯಿಂದ ಬಂದಿತು. ಡರ್ಖೀಮನಿಂದ ಗಾಢವಾಗಿ ಪ್ರಭಾವಿತನಾದ ರಾಡ್‌ಕ್ಲಿಫ್ ಬ್ರೌನನ ಬಳಿ ಆಕ್ಸ್‌ಫರ್ಡಿನಲ್ಲಿ ಕಲಿತವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಕೊಡಗಿನ ಜನರ ಧರ್ಮ ಮತ್ತು ಸಮಾಜವನ್ನು ಕುರಿತು ಅವರು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಚರಣೆಗಳು ಜನರನ್ನು ಹೇಗೆ ಒಟ್ಟಿಗೆ ಹಿಡಿದಿಡುತ್ತವೆಂಬ ವಿಚಾರ ಬರುವಲ್ಲಿ ಎಪಿನಾಲಿನ ರಬ್ಬಿಯ ಮಗನ ನೆರಳನ್ನು ಕಾಣಬಹುದು.

ಡರ್ಖೀಮನಲ್ಲಿ ಕೊರತೆಗಳಿಲ್ಲವೆಂದಲ್ಲ. ಸಮಾಜವೆಂಬ ಒಂದೇ ಮಾತಿನಲ್ಲಿ ಉಳ್ಳವರೂ ಇಲ್ಲದವರೂ ಸೇರಿಹೋಗುತ್ತಾರೆ. ಮುದ್ರೆ ಒತ್ತುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಆತ ಸಾಕಷ್ಟು ವಿಚಾರಿಸಲಿಲ್ಲ. ಆ ಕೆಲಸವನ್ನು ಮುಂದಿನವರು ಮಾಡಿದರು. ಆದರೆ ಅವರು ನಿಂತದ್ದು ಈತ ಹಾಕಿದ ತಳಹದಿಯ ಮೇಲೆ. ನೆರೆಯವನೊಬ್ಬನನ್ನು ಊರೆಲ್ಲ ಸೇರಿ ಕೆಟ್ಟವನೆಂದು ಕರೆಯುವಾಗ, ಆತ ಮಾಡಿದ್ದೇನೆಂದು ಕೇಳುವುದರ ಜೊತೆಗೆ, ಹಾಗೆ ಕರೆಯುವುದರಿಂದ ಊರಿಗೆ ಸಿಗುತ್ತಿರುವ ನೆಮ್ಮದಿ ಯಾವುದೆಂದೂ ಕೇಳಬೇಕು. ಸಮಾಜಶಾಸ್ತ್ರದ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೂ ಕೈಬಿಡಬಾರದ ಪ್ರಶ್ನೆ ಇದೆಂದು ನಾನು ತಿಳಿದಿದ್ದೇನೆ.